ಹತ್ತರ ಸ್ಪ್ಯಾನರ್

ವಿರಾಜಪೇಟೆ ಗಡಿಯಾರ ಕಂಬದ ಕೆಳಗೆ
ಸಂಜೆ ಆರೂಕಾಲಿಗೆ ನಮ್ಮ ವ್ಯಾನು.
ಹನ್ನೊಂದು ಜನ, ಹನ್ನೊಂದು ಟಿಫಿನ್ ಡಬ್ಬಿ,
ಎರಡು ಸಂಘ.

ಪೆರುಂಬಾಡಿ ಚೆಕ್‌ಪೋಸ್ಟಿನವರೆಗೆ ಎಲ್ಲರೂ ಗಪ್‌ಚುಪ್.
ಮಾಕುಟ್ಟದ ಮೊದಲ ತಿರುವಿಗೆ
ಮೊಣ್ಣಪ್ಪಣ್ಣ ಗಂಟಲು ಸರಿಮಾಡುತ್ತಾನೆ:
"ವಿಮಾನ ಏಳೋದು ಯಾರ ಸಹಿ ಮೇಲೆ?
ಪೆಟ್ಟಿಗೆ ಎತ್ತುವವನದ್ದಾ? ಟಿಕೇಟು ನೋಡುವವನದ್ದಾ?
ನಮ್ಮದು ತಾನೆ?
ಹಾಗಾದರೆ ಸಂಘವೂ ಮೆಕ್ಯಾನಿಕರದ್ದೇ ಇರಲಿ,
ಮೆಕ್ಯಾನಿಕರದ್ದು ಮಾತ್ರ."

ಹಿಂದಿನ ಸೀಟಿನಿಂದ ಅಮ್ಮತ್ತಿಯ ಹಂಝ:
"ನಾವು ಮೂವತ್ತೆಂಟು ಮಂದಿ ಮಾರಾಯ.
ನಾವು ಕೂತರೆ ಬೇರೆ ಊರಿಂದ ಮೂವತ್ತೆಂಟು ಮಂದಿ ಬರ್ತಾರೆ.
ಪೆಟ್ಟಿಗೆ ಎತ್ತುವವನು ಕೈಕಟ್ಟಿ ನಿಲ್ಲಲಿ,
ಪೆಟ್ಟಿಗೆಗಳೇ ಬೊಬ್ಬೆ ಹೊಡೀತಾವೆ."

"ನಿಮ್ಮ ಹಳೇ ಸಂಘ ಒಂಬತ್ತು ವರ್ಷದಲ್ಲಿ ಏನು ತಂತು?"
"ಮಳೆ ಕೋಟು."
"ಸೋರುತ್ತೆ."
"ಸೋರಿದರೂ ಕೋಟೇ."

ನಾನು ಹತಾರದ ಕೋಣೆಯವಳು.
ಕೊಡುತ್ತೇನೆ, ಬರೆದುಕೊಳ್ಳುತ್ತೇನೆ, ಎಣಿಸಿ ಇಡುತ್ತೇನೆ.
ಹೊಸ ಸಂಘದ ಪ್ರಕಾರ ನಾನು ಮೆಕ್ಯಾನಿಕಳೋ ಅಲ್ಲವೋ
ಇನ್ನೂ ತೀರ್ಮಾನವಾಗಿಲ್ಲ.
ಒಂದು ರಾತ್ರಿ ಆನೆ ಅಡ್ಡ ನಿಂತು ವ್ಯಾನಿನ ದೀಪ ಆರಿಸಿದೆವು.
ಇಪ್ಪತ್ತು ನಿಮಿಷ ಪಿಸುಮಾತಿನಲ್ಲಿ ಜಗಳ ನಡೆಯಿತು,
ನನ್ನ ವಿಷಯ ಆಗಲೂ ಬರಲಿಲ್ಲ.

ಕೈಲ್ ಪೊಳ್ದಿನ ರಾತ್ರಿ.
ಎಲ್ಲರ ಉಸಿರಲ್ಲೂ ಹಂದಿ ಸಾರಿನ ಮೆಣಸು, ಹಂಝನ ಬಿಟ್ಟು.
ಗೋಡೆಯ ಹಲಗೆಯಲ್ಲಿ ಪ್ರತಿ ಹತಾರಕ್ಕೂ
ಅದರದೇ ಆಕಾರದ ಕಪ್ಪು ನೆರಳು ಬರೆದಿದೆ.
ಮೂರು ಗಂಟೆಗೆ ಎಣಿಸಿದೆ. ಒಂದು ನೆರಳು ಬರಿದು.
ಹತ್ತರ ಸ್ಪ್ಯಾನರ್.

ಸ್ಪ್ಯಾನರ್ ಸಿಗದೆ ವಿಮಾನ ಮೇಲೇಳುವಂತಿಲ್ಲ.
ಇಂಜಿನ್ನಿನ ಹೊಟ್ಟೆಗೆ ಟಾರ್ಚು ಬಿಟ್ಟರು,
ಚಕ್ರದ ಗೂಡಿಗೆ ತಲೆ ತೂರಿಸಿದರು,
ಎರಡೂ ಸಂಘದವರು ಬೆನ್ನಿಗೆ ಬೆನ್ನು ತಾಗಿಸಿ ತೆವಳಿದರು.
ಹೊರಗೆ ಶಾರ್ಜಾಕ್ಕೆ ಹೊರಟ ಮಕ್ಕಳು
ಕುರ್ಚಿಗಳ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು.

ನಾಲ್ಕೂ ಇಪ್ಪತ್ತಕ್ಕೆ ಮೊಣ್ಣಪ್ಪಣ್ಣ
ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕೂತ.
"ಮನೇಲಿದೆ," ಅಂದ.
ಯಾರೂ ಏನೂ ಕೇಳಲಿಲ್ಲ. ಅವನೇ ಹೇಳಿದ:
"ನೆಲ್ಲಕ್ಕಿಯಲ್ಲಿ, ದೀಪದ ಮುಂದೆ.
ಅಜ್ಜನ ಒಡಿಕತ್ತಿ ಇತ್ತು, ಅಪ್ಪನ ಕೋವಿ ಇತ್ತು.
ನನ್ನದು ಅಂತ ಇಡೋದಕ್ಕೆ ಏನಿತ್ತು?"

ಅದು ಕಂಪನಿಯದ್ದು ಎಂದು
ಹೇಳಬೇಕಾದವಳು ನಾನು. ಹೇಳಲಿಲ್ಲ.
ಹಿಂದಿನ ರಾತ್ರಿಯ ಪಟ್ಟಿ ತೆರೆದು ನೋಡಿದೆ:
'ಎಲ್ಲ ಇದೆ.' ಕೆಳಗೆ ಅವನ ಸಹಿ,
ವಿಮಾನ ಏಳಿಸುವ ಅದೇ ದಪ್ಪ ಸಹಿ.
ನಾನೂ ಎಣಿಸದೆ ನಂಬಿದ್ದೆ.

ಡ್ರೈವರ್ ಕುಟ್ಟಪ್ಪ ಘಟ್ಟ ಹತ್ತಿ ಇಳಿದು ಬರುವಾಗ ಬೆಳಗಾಗಿತ್ತು.
ಸ್ಪ್ಯಾನರನ್ನು ಹಳೆ ಟವಲಿನಲ್ಲಿ ಸುತ್ತಿ
ಹಸುಗೂಸಿನಂತೆ ತಂದ.

ಮಧ್ಯಾಹ್ನ ಮೆಮೋ ಬಂತು, ಮೂರು ದಿನದಲ್ಲಿ ಉತ್ತರ ಕೊಡಬೇಕು.
ಹೊಸ ಸಂಘಕ್ಕೆ ಇನ್ನೂ ನೋಂದಣಿ ಇಲ್ಲ,
ಹಳೆಯದಕ್ಕೆ ಅವನು ಬೆನ್ನು ಹಾಕಿ ತಿಂಗಳಾಗಿದೆ.
ವ್ಯಾನಿನಲ್ಲಿ ಹಂಝ ತೊಡೆಯ ಮೇಲೆ ಕಾಗದ ಇಟ್ಟು ಬರೆದ,
ಪ್ರತಿ ತಿರುವಿಗೂ ಅಕ್ಷರ ಜಾರಿದವು.
ಮೊಣ್ಣಪ್ಪಣ್ಣ ಓದಿ
'ಅರಿಯದೆ' ಎಂಬುದನ್ನು ಹೊಡೆದುಹಾಕಿದ.
"ಅರಿತೇ ಒಯ್ದದ್ದು."
"ಕೆಲಸ ಹೋಗುತ್ತೆ ಮಾರಾಯ."
"ಹೋಗಲಿ. ಆದರೂ ಸಂಘ ಮೆಕ್ಯಾನಿಕರದ್ದು ಮಾತ್ರ—"
"ಬಾಯಿ ಮುಚ್ಚು, ಬರೆಯೋಕೆ ಬಿಡು."

ಶುಕ್ರವಾರ ಮತ ಎಣಿಸಿದರು.
ವ್ಯಾನಿನಲ್ಲಿ ಎಣಿಕೆ ಇನ್ನೂ ಮುಗಿದಿಲ್ಲ.

ನನ್ನ ಪುಸ್ತಕದಲ್ಲಿ ಆ ದಿನದ ಬರಹ ಇಷ್ಟು:
ಹತ್ತರ ಸ್ಪ್ಯಾನರ್, ಒಂದು, ಪತ್ತೆಯಾಗಿದೆ.
ಹಿಡಿಯಲ್ಲಿ ಗಂಧ, ತೋಕ್ ಪೂವಿನ ಅರ್ಧ ಎಸಳು.
ಒರೆಸಿ ಇಡಲಾಗಿದೆ.

ಒರೆಸಿದವಳು ನಾನೇ.
ಪೂರ್ತಿ ಒರೆಸಿಲ್ಲ.