ಹಾ-ಹಾ

ಶ್ರಾಪ್‌ಶೈರ್‌ನ ಆಲ್ಡರ್‌ಕೋಟ್ ಬಂಗಲೆಯ ಮುಖ
ನಡುವೆ ಮಡಚಿದರೆ ಅಂಚಿಗೆ ಅಂಚು ಕೂಡುವಂಥದು.
ಬಾಗಿಲ ಎಡಕ್ಕೆ ಏಳು ಕಿಟಕಿ, ಬಲಕ್ಕೆ ಏಳು.
ನೇಕಾರರ ಮನೆಯ ನೀಲವ್ವ ಚಿಗವ್ವ
ಕೊಡೆಯ ತುದಿಯಲ್ಲಿ ಎಣಿಸುತ್ತ ಹೋಗಿ
ಬಲಗಡೆ ಮೂರನೆಯದರ ಎದುರು ನಿಂತಳು:
"ಇದು ಕಿಡಕಿ ಅಲ್ಲೋ. ಬಣ್ಣ."

ಹೌದು. ಗಾಜಿಲ್ಲ, ಚೌಕಟ್ಟಿಲ್ಲ,
ಕಲ್ಲಿಗೆ ಕಪ್ಪು ಬಳಿದು ಬಿಳಿ ಗೆರೆ ಎಳೆದದ್ದು.
ಹಿಂದೆ ಹೊಗೆಗೂಡು ಇದೆಯಂತೆ, ಮುಂದೆ ಜೋಡಿ ತಪ್ಪಬಾರದಂತೆ.
ಊರು ತೋರಿಸುವ ಪೆಲ್ ಅಜ್ಜ, ಎದೆಯ ಮೇಲೆ ಹೆಸರಿನ ಬಿಲ್ಲೆ,
ಯಾರೂ ಇಷ್ಟು ಬೇಗ ಹಿಡಿದಿರಲಿಲ್ಲ ಎಂದ.
ಕನ್ನಡಕ್ಕೆ ತಂದು ಹೇಳಿದೆ. ಅವಳು ಹಿಗ್ಗಲಿಲ್ಲ.
"ಹುಸಿ ಎಳಿ ಹಾಕಿದ್ರ ಕಣ್ಣಿಗೆ ಗೊತ್ತಾಕ್ಕೈತಿ."

ತೋಟದಲ್ಲಿ ಎರಡಾಳೆತ್ತರದ ಇಟ್ಟಿಗೆ ಗೋಡೆ.
ಪೀಚ್ ಗಿಡಗಳನ್ನು ಅದಕ್ಕೆ ಬೀಸಣಿಗೆಯ ಹಾಗೆ ಬಿಡಿಸಿ
ಮೊಳೆ ಹೊಡೆದು, ಬಟ್ಟೆಚೂರಿನಲ್ಲಿ ಬಿಗಿದಿದ್ದಾರೆ.
"ಪಾಪ, ತೋಳು ಇಳಸಾಕೂ ಬಿಟ್ಟಿಲ್ಲ."
ಗೋಡೆ ಒಳಗೆ ಟೊಳ್ಳು. ಆಗೆಲ್ಲ ಚಳಿಯ ರಾತ್ರಿ
ಅದರ ಹೊಟ್ಟೆಗೆ ಬೆಂಕಿ ಹಾಕುತ್ತಿದ್ದರಂತೆ,
ಹೆಪ್ಪುಗಟ್ಟಿ ಹೂವು ಉದುರದಿರಲೆಂದು.
ಹಾಕುತ್ತಿದ್ದವರು ಯಾರು?
ಪೆಲ್ ಅಜ್ಜ ಗಾಜಿನ ಕೆಳಗಿನ ಲೆಕ್ಕದ ಪುಸ್ತಕ ತೋರಿಸಿದ:
ಕಲ್ಲಿದ್ದಲು ಇಷ್ಟು, ಮೊಳೆ ಇಷ್ಟು,
ಹುಡುಗ, ಗೋಡೆಗೆ, ರಾತ್ರಿಗೆ ಎರಡು ಪೆನ್ನಿ.

ಆಮೇಲೆ ಹುಲ್ಲುಹಾಸು. ಮೆಟ್ಟಿಲಿಂದ ಹೊರಟರೆ
ಆಕಾಶ ತಾಗುವವರೆಗೂ ಒಂದೇ ಹಸಿರು,
ಕುರಿಗಳು, ಒಂದು ಹಳೆಯ ಓಕ್.
ಊರೆಲ್ಲಿ, ಅಂದಳು ಚಿಗವ್ವ. ಇಷ್ಟು ದೊಡ್ಡ ಮನೆಗೆ ಊರು ಬೇಡವೆ?
ಇತ್ತಂತೆ. ನೋಟಕ್ಕೆ ಅಡ್ಡ ಬಂತೆಂದು
ದಿಬ್ಬದಾಚೆ ಸರಿಸಿದರಂತೆ,
ಬಾವಿ ಮಾತ್ರ ಸರಿಯಲಿಲ್ಲ.

ನಡೆದೆವು. ಕಾಲಡಿಯಲ್ಲಿ
ಹುಲ್ಲು ಥಟ್ಟನೆ ಮುಗಿಯಿತು:
ಆಳದ ಕಂದಕ, ಈ ಬದಿಗೆ ಕಲ್ಲಿನ ಕಟ್ಟು,
ಮನೆಯಿಂದ ನೋಡಿದರೆ ಕಾಣದ ಬೇಲಿ.
ಇದರ ಹೆಸರು ಹಾ-ಹಾ. ಬಿದ್ದವರ ಬಾಯಿಂದ ಬಂದದ್ದಿರಬಹುದು,
ನೋಡಿದವರದೂ ಇರಬಹುದು,
ಪೆಲ್ ಅಜ್ಜನಿಗೂ ಖಾತ್ರಿಯಿಲ್ಲ.

"ನಗುವಂಥಾದ್ದೇನೈತಿ ಇದರಾಗ?"
ಚಿಗವ್ವ ಅಂಚಿನಲ್ಲಿ ಕೂತಳು, ಕಾಲು ಇಳಿಬಿಟ್ಟು,
ಕೂರಬಾರದೆಂಬ ಫಲಕದ ಪಕ್ಕದಲ್ಲೇ.
ನಾಲಿಗೆ ಮಡಚಿ ಹುರ್ರ್ ಅಂತ ಒಂದು ಕರೆ ಕರೆದಳು.
ಆಚೆಯ ಕುರಿಯೊಂದು ತಲೆಯೆತ್ತಿ
ಕಟ್ಟಿನ ಬುಡದವರೆಗೂ ಬಂತು.
ಪೆಲ್ ಅಜ್ಜ ಗಡಿಯಾರ ನೋಡಿಕೊಂಡ,
ಬಂಗಲೆಯ ಕಡೆ ಒಮ್ಮೆ ತಿರುಗಿದ,
ಆಮೇಲೆ ಕೋಲು ಊರಿ, ಮಂಡಿ ಹಿಡಿದು,
ಅವಳ ಪಕ್ಕ ಕೂತ.