ನೆಲ ಡೊಂಕು

ಕುಣಿಯಲು ಬಾರದವನು ನೆಲ ಡೊಂಕು ಅಂದನಂತೆ.
ಗ್ಯುಮ್ರಿಯಲ್ಲಿ ಈ ಗಾದೆ ನಡೆಯುವುದಿಲ್ಲ.
ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು,
ಎಂಬತ್ತೆಂಟರ ಡಿಸೆಂಬರ್ ಏಳು,
ಬೆಳಗಿನ ಹನ್ನೊಂದೂ ನಲವತ್ತೊಂದಕ್ಕೆ.
ಆಗ ನಾನು ಯೆರೆವಾನಿನಲ್ಲಿ ಓದುತ್ತಿದ್ದೆ. ನನಗದು ಅಂಕಿ.

ಹತ್ತನೆಯ ತರಗತಿಗೆ ನಾನು ಭೌತಶಾಸ್ತ್ರದ ಮೇಷ್ಟ್ರು.
ಇಪ್ಪತ್ತಾರು ವರ್ಷದಿಂದ ಅದೇ ಸೀಮೆಸುಣ್ಣ, ಅದೇ ಸೂತ್ರ:
ಮೊದಲ ಅಲೆಗೂ ಎರಡನೆಯದಕ್ಕೂ ನಡುವಿನ ಸೆಕೆಂಡು
ಗುಣಿಸು ಎಂಟು
ಸಮ ಕಿಲೋಮೀಟರು.
ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕ ತೆಗೆಯುತ್ತಾರೆ,
ಮರೆಯುತ್ತಾರೆ. ನಾನೂ ಹೆಚ್ಚುಕಡಿಮೆ ಹಾಗೆಯೇ.

ಅಂಥದ್ದರಲ್ಲಿ ಕುಣಿತದ ಟೀಚರ್ ಷೋಘಿಕ್
ಕಾಫಿ ಬಟ್ಟಲು ಕೆಳಗಿಟ್ಟು ಅಂದಳು:
"ನಿಮ್ಮ ಭೂಕಂಪದ ಪಾಠ, ಒಂದು ಗಂಟೆ ನನಗೆ ಕೊಡಿ."
ಕೊಡಲಿಲ್ಲ. ಎರಡು ವರ್ಷ ಕೊಡಲಿಲ್ಲ.
ಮೂರನೆಯ ವರ್ಷ ಗಂಟಲು ಕಟ್ಟಿತ್ತು,
ಮಾತೇ ಹೊರಡದು. ಕೊಟ್ಟೆ.

ಬೆಂಚುಗಳೆಲ್ಲ ಗೋಡೆಗೆ.
ಹತ್ತೊಂಬತ್ತು ಮಕ್ಕಳು ಸಾಲಾಗಿ, ಭುಜಕ್ಕೆ ಭುಜ ತಾಗಿಸಿ,
ಊರ ಹಳೆಯ ಕುಣಿತದ ಹಾಗೆ
ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ.
ಈ ತುದಿಯ ಹ್ರಾಯ್ರನ ಭುಜ ಮೆಲ್ಲಗೆ ದೂಡಿದಳು,
ದೂಡು ಸರಸರ ಹರಿದು
ಆ ತುದಿಯ ನ್ವಾರ್ದ್ ಕರಿಹಲಗೆಗೆ ಢಿಕ್ಕಿ ಹೊಡೆದಳು.
"ಇದು ಮೊದಲನೆಯದು. ಅವಸರದ್ದು."
ಆಮೇಲೆ ಅವನ ಬೆರಳು ಹಿಡಿದು ಹಿಂದಕ್ಕೆ ಮುಂದಕ್ಕೆ ತೂಗಿದಳು,
ಸಾಲು ಬಳುಕಿತು, ನಿಧಾನ,
ಮೊಣಕಾಲಿನಿಂದ ನಡುವಿಗೆ, ನಡುವಿನಿಂದ ಪಕ್ಕದವನಿಗೆ.
"ಇದು ಎರಡನೆಯದು. ಮನೆ ಬೀಳಿಸುವುದು ಇದೇ.
ಈಗ ಬೆರಳು ಬಿಡಿ. ಈಗ ನೀವು ನೀರು."
ದೂಡಿದರೆ, ದೂಡು ದಾಟಿತು.
ತೂಗಿದರೆ, ಹ್ರಾಯ್ರ ಒಬ್ಬನೇ ತೂಗಿದ,
ಪೆದ್ದನ ಹಾಗೆ. ಎಲ್ಲರೂ ನಕ್ಕರು.

ಪುಟ ನೂರ ಹನ್ನೆರಡು, ಕೊನೆಯ ಸಾಲು:
ಅಡ್ಡ ಅಲೆಗಳು ದ್ರವದಲ್ಲಿ ಚಲಿಸವು.
ಎಷ್ಟು ಸಲ ಬರೆಸಿದ್ದೇನೆ.
ಒಮ್ಮೆಯೂ ಯಾರೂ ನಕ್ಕಿರಲಿಲ್ಲ.

ಬಾಗಿಲಲ್ಲಿ ಅರ್ಷಲೂಯ್ಸ್ ನಿಂತಿದ್ದಳು, ನೆಲ ಒರೆಸುವವಳು,
ಬಕೆಟ್ಟಿನ ನೀರು ಇನ್ನೂ ತುಳುಕುತ್ತಿತ್ತು.
"ಸರಿ," ಅಂದಳು, ಯಾರನ್ನೂ ನೋಡದೆ. "ಹೀಗೇ ಬಂತು.
ಮೊದಲು ಯಾರೋ ಬೆಂಚು ದೂಡಿದ ಹಾಗೆ.
ನನಗೆ ಹನ್ನೊಂದು ವರ್ಷ. ಟೀಚರ್ ತಿರುಗಿ ಕಣ್ಣು ಬಿಟ್ಟರು.
ನಾನು ಎದ್ದು ಹೇಳುತ್ತಿದ್ದೆ..."
ಮುಂದೆ ಹೇಳಲಿಲ್ಲ.

ನ್ವಾರ್ದ್ ಸ್ಟಾಪ್‌ವಾಚ್ ಎತ್ತಿಕೊಂಡಳು.
ನಾನು ತಡೆಯಬೇಕಿತ್ತೋ ಏನೋ.
"ಏನು ಹೇಳುತ್ತಿದ್ದಿರಿ? ಅಷ್ಟೇ ಹೇಳಿ. ಅದೇ ವೇಗದಲ್ಲಿ."
ಅರ್ಷಲೂಯ್ಸ್ ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದಳು.
ನೆಟ್ಟಗೆ ನಿಂತಳು, ಕೈ ಬೆನ್ನ ಹಿಂದೆ:
"ನಾನಲ್ಲ ಟೀಚರ್, ದೂಡಿದ್ದು ಸುರೇನ್,
ಯಾವಾಗಲೂ ಅವನೇ, ಬೇಕಾದರೆ ಅವನನ್ನೇ ಕೇ"

ನಾಲ್ಕೂವರೆ ಸೆಕೆಂಡು.
ಯಾರೂ ಹೇಳದೆ ಹತ್ತೊಂಬತ್ತು ಪೆನ್ಸಿಲು ಎಂಟರಿಂದ ಗುಣಿಸಿದವು.
ಮೂವತ್ತಾರು.
ಹ್ರಾಯ್ರ ನಕಾಶೆಯ ಮೇಲೆ ಕೈವಾರದ ಮುಳ್ಳು ನಮ್ಮೂರಿಗೆ ಚುಚ್ಚಿ ತಿರುಗಿಸಿದ.
ಗೀಟು ಸ್ಪಿತಾಕಿನ ಮಗ್ಗುಲಲ್ಲೇ ಹಾದುಹೋಯಿತು.

ಇಪ್ಪತ್ತಾರು ವರ್ಷ ಆ ಸೂತ್ರದೊಳಗೆ ಒಬ್ಬ ಹುಡುಗಿ
ಅರ್ಧ ವಾಕ್ಯ ಹಿಡಿದುಕೊಂಡು ನಿಂತಿದ್ದಳು.
ಅವಳನ್ನು ದಾಟಿಕೊಂಡು ಹೋಗಿ
ನಾನು ಉತ್ತರ ಬರೆದಿದ್ದೆ.

ತನಿಖೆಗೆ ಬಂದವರು ರಿಜಿಸ್ಟರು ತೆರೆದು ಕೇಳಿದರು:
ಈ ಗಂಟೆ ಯಾವ ಕಾಲಮ್ಮಿಗೆ,
ಭೌತಶಾಸ್ತ್ರಕ್ಕೋ ಕುಣಿತಕ್ಕೋ?
ಷೋಘಿಕ್ ನನ್ನ ಮುಖ ನೋಡಿದಳು.
ನನಗೆ ಮತ್ತೆ ಗಂಟಲು ಕಟ್ಟಿತು.

ಈಗ ಗುರುವಾರಗಳಂದು ನಾನೂ ಸಾಲಿನಲ್ಲಿ.
ಹೆಜ್ಜೆ ತಪ್ಪುತ್ತದೆ. ನೆಲದ ಮೇಲೆ ದೂರು ಹೇಳುವಂತಿಲ್ಲ,
ಒರೆಸಿದವಳು ಪಕ್ಕದಲ್ಲೇ ಇದ್ದಾಳೆ,
ಅವಳ ಕಿರುಬೆರಳಿಗೆ ಫಿನಾಯಿಲ್ ವಾಸನೆ,
ಕೊಂಡಿ ಬಿಗಿ.
ಆ ತುದಿಯಿಂದ ದೂಡು ಬರುತ್ತದೆ.
ಎಣಿಸುತ್ತೇನೆ. ಒಂದು. ಎರಡು.