ಭೇಟಿಯ ಉದ್ದೇಶ

ಅರ್ಜಿ ಒಂದೇ ಪುಟ.
ರೇಂಜ್ ಆಫೀಸಿನ ಹುಡುಗಿ ಎರಡು ಕೊಟ್ಟಳು,
"ಒಂದು ಕೆಟ್ಟರೆ ಇನ್ನೊಂದಿರಲಿ" ಅಂದಳು.
ಕೆಡುತ್ತದೆಂದು ಅವಳಿಗೆ ಹೇಗೆ ಗೊತ್ತೋ.

ಸೈದಲವಿ ಕ್ಯಾಲೆಂಡರಿನ ಮುಂದೆ ನಿಂತಿದ್ದಾನೆ,
ಕನ್ನಡಕ ಮೂಗಿನ ತುದಿಗೆ.
ಮಾರ್ಚ್ ಬೇಡ, ಕಾಫಿ ಹೂವಿಗೆಂದು
ಹೊಳೆಯ ಅರ್ಧ ಪೈಪು ಹತ್ತಿರುತ್ತದೆ.
ಜೂನಿನಲ್ಲಿ ನೀರು ಕೆಂಪು, ಕೈ ಅದ್ದಿದರೆ ಕೈಯೇ ಕಾಣದು.
ಕೈಲ್ ಪೊಳ್ದ್ ಕಳೆದು, ಕೆಸರು ಕೆಳಗಿಳಿದು,
ಹುತ್ತರಿಗೆ ಇನ್ನೂ ಎರಡು ವಾರ ಇರುವಾಗ
ನೀರು ತಿಳಿಯಾಗಿರುತ್ತದೆ ನೋಡು,
ಎಂದು ನವೆಂಬರಿನ ಒಂದು ಮಂಗಳವಾರದ ಮೇಲೆ
ಬೆರಳಿಟ್ಟ.
ಅವನಿಗೆ ಹತ್ತೂ ಇವೆ.

ಶನಿವಾರವಾದರೆ ದುಬಾರೆಗೆ ಹೊರಟ ಕಾರುಗಳ ಹಿಂದೆ
ನಮ್ಮ ಬಸ್ಸು ಆನೆಗಿಂತ ನಿಧಾನ.
ಸಿದ್ದಾಪುರದಲ್ಲಿ ಏಳೂಕಾಲಿಗೆ ಹತ್ತಿದರೆ
ವಾಲ್ನೂರಿನಲ್ಲಿ ಎಂಟರೊಳಗೆ.
ಆಮೇಲೆ ನಡಿಗೆ. ಬಿಳಿ ಅಂಗಿ ಬೇಡ.
ಜಿಗಣೆಗೆ ಉಪ್ಪು, ಬಟ್ಟೆಯ ಗಂಟಿನಲ್ಲಿ.
ಬುತ್ತಿಗೆ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ.
"ಮೀನು ಮಾತ್ರ ಬೇಡ" ಅಂದೆ.
ಚೋಂದಮ್ಮ ಒಲೆಯ ಕಡೆ ತಿರುಗಿ ನಕ್ಕಳು,
ಆಮೇಲೆ ನಗಲಿಲ್ಲ.

ಎರಡು ಪಾವು ರಾಗಿಹಿಟ್ಟು ಅಳೆದಿಟ್ಟಿದ್ದೆ.
ಬೇಯಿಸಿ, ನಿಂಬೆ ಗಾತ್ರ ಉಂಡೆ ಕಟ್ಟಿ,
ಒಂದೊಂದಾಗಿ ಎಸೆಯಬೇಕೆಂದು.
ಅರ್ಜಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ, ನಿಯಮ ನಾಲ್ಕು:
ಮೀನುಗಳಿಗೆ ಯಾವುದೇ ಆಹಾರ ಹಾಕತಕ್ಕದ್ದಲ್ಲ.
ಎರಡು ಸಲ ಓದಿದೆ.
ಸೈದಲವಿಯ ಮುಖ ನೋಡಿದೆ.
ಅವನು ಕ್ಯಾಲೆಂಡರ್ ನೋಡುತ್ತಿದ್ದ.

ಆಗಲೂ ರಾಗಿಯೇ.
ಮೂರು ಸಂಜೆ, ಅದೇ ಬಂಡೆ, ಅದೇ ಹೊತ್ತು.
ಬಿಳಿಮೀನು ಬಲು ಬೇಗ ಕಲಿಯುತ್ತದೆ;
ಮೂರನೆಯ ದಿನ ನಮಗಿಂತ ಮೊದಲೇ ಬಂದು
ಕಯದ ತುಂಬ ಬೆನ್ನು ತೋರಿಸಿ ಕಾಯುತ್ತಿದ್ದವು,
ಊಟದ ಗಂಟೆಗೆ ಕಾಯುವ ಶಾಲೆಯ ಮಕ್ಕಳ ಹಾಗೆ.
ನಾಲ್ಕನೆಯ ಸಂಜೆ
ರಾಗಿಯ ಹಿಂದೆಯೇ ತೋಟೆ.

ಸದ್ದು ದೊಡ್ಡದಲ್ಲ.
ಪಕ್ಕದ ಮನೆಯಲ್ಲಿ ಯಾರೋ ಕದ ಹಾಕಿಕೊಂಡಷ್ಟೇ.
ಆಮೇಲೆ ನೀರು ಹೊಟ್ಟೆ ಮೇಲಾಗಿ ಮಲಗಿತು.
ಹೊರಲಾಗುವಷ್ಟು ಹೊತ್ತೆವು, ಹನ್ನೊಂದು.
ಉಳಿದವು, ಬೆರಳುದ್ದದವು,
ಟಾರ್ಚಿನ ಬೆಳಕಿನಲ್ಲಿ ತೇಲಿ ಹೋದವು.
ಅವನ್ನು ಎಣಿಸುವುದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ತಿಂಗಳು ಬತ್ತಿ ಗಿಡ್ಡವಿತ್ತು.
ಸೈದಲವಿ ತನ್ನ ಮುಂಡು ಬಿಚ್ಚಿ ನನ್ನ ಕೈಗೆ ಸುತ್ತಿ,
ಒಳಚಡ್ಡಿಯಲ್ಲೇ ಅಮ್ಮತ್ತಿ ಆಸ್ಪತ್ರೆಯ ತನಕ ಓಡಿಸಿದ
ಯಾರದೋ ಜೀಪನ್ನು.
ಚೀಟಿಯಲ್ಲಿ "ಮರದ ಮಿಲ್ಲು" ಎಂದು ಬರೆಸಿದ.
ಅಲ್ಲಿಂದ ಅವನು ಹೊಳೆಯ ಮಾತೆತ್ತಿಲ್ಲ,
ನಾನು ಎಡಗೈಯಲ್ಲಿ ಸಹಿ ಕಲಿತೆ.

ಕಾಲಂ ಐದು: ಈ ಹಿಂದೆ ಭೇಟಿ ನೀಡಿದ್ದೀರಾ?
"ಇಲ್ಲ" ಎಂದು ಬರೆದೆ.
ಹರಿದೆ.
ಎರಡನೆಯ ಕಾಗದದಲ್ಲಿ: ಹೌದು.
ವರ್ಷ, ಎಂಬತ್ತಮೂರು.
ಸಮಯ ಅವರು ಕೇಳಿರಲಿಲ್ಲ,
ಆದರೂ ಪಕ್ಕದಲ್ಲಿ, ರಾತ್ರಿ.

ಕಾಲಂ ಆರು, ಭೇಟಿಯ ಉದ್ದೇಶ.
ಸೈದಲವಿ ಈಗ ತಿರುಗಿದ, ಕನ್ನಡಕ ಮೇಲೆ ತಳ್ಳಿದ.
"ನೋಡೋದು ಅಂತ ಬರಿ."
ಬರೆದೆ.
"ಇಬ್ಬರು ಅಂತಲೂ ಬರಿ."

ರಾಗಿಹಿಟ್ಟನ್ನು ಚೋಂದಮ್ಮ ಡಬ್ಬಕ್ಕೆ ಸುರಿಯಲಿಲ್ಲ,
"ರೊಟ್ಟಿ ತಟ್ಟಿಕೊಡ್ತೇನೆ, ನೀವೇ ತಿನ್ನಿ" ಅಂದಳು.
ಹಾಗಾದರೆ ಪಟ್ಟಿಯಲ್ಲಿ ಒಂದು ಸಾಲು ತಿದ್ದಬೇಕು:
ಅಕ್ಕಿ ಹೊಡೆದು ರಾಗಿ.
ಅದರ ಕೆಳಗೆ ಇನ್ನೊಂದು ಸೇರಿಸಿದೆ,
ಎಡಗೈಯ ಸೊಟ್ಟ ಅಕ್ಷರದಲ್ಲಿ:
ದಡದಿಂದ ಇಪ್ಪತ್ತು ಹೆಜ್ಜೆ ಈಚೆ ಕೂತು,
ಒಂದು ಚೂರೂ ನೀರಿಗೆ ಬೀಳದ ಹಾಗೆ
ತಿನ್ನುವುದು.